ಹುಳ ಬಿಟ್ಟ ಸೊಪ್ಪು

“ಹುಳ ಎಲ್ಲಾ ಹೊರಳಾಡ್ತಾ ಅವೆ ಕಣಮ್ಮೀ! ಮೂವತ್ತು ತಟ್ಟೇಲಿ ಒಂದಾದ್ರೂ ಮೇಯ್ಬಾರ್ದಾ? ಬಾಯಲ್ಲಿ ಹಸಿರು ನೀರು ಬಿಡ್ತಾ ಅವೆ!”

ಬೈರಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗಿದಾಗ ಅವನ ಹೆಂಡತಿ ಪಾಪಮ್ಮ ಹಾಲು ಕರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಬೆಳಗಾಗೆದ್ದು ಕೆಟ್ಟ ಮಾತು ಆಡ್ಬೇಡ. ಸೆಕೆಗೆ ಮಂಕಾಗಿರ್ತವೆ. ಕಿಟಕಿ ತೆಗಿ.”

“ತೆಗ್ದಾಯ್ತು. ನೀನೇ ಬಂದು ನೋಡು.”

ಪಾಪಮ್ಮ ಎದ್ದು ಹಾಲಿನ ಚೊಂಬನ್ನು ಗೂಟಕ್ಕೆ ನೇತುಹಾಕಿ ಬಂದಳು. ರೇಷ್ಮೆ ಹುಳ ಕೊನೆಯ ಪೊರೆ ಬಿಟ್ಟು ಐದು ದಿನವಾಗಿತ್ತು. ಇನ್ನೆರಡು ದಿನ ಮೇಯ್ದರೆ ಗೂಡು ಕಟ್ಟಬೇಕು. ಈ ಹೊತ್ತಿನಲ್ಲಿ ಅವು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಬೀದಿಗೆ ಕೇಳಬೇಕಿತ್ತು. ಹುಳದ ಕೋಣೆ ಒಳಗೆ ಮೌನವೆಂದರೆ ಮೌನ. ಬೆರಳುದ್ದದ ಬಿಳಿ ಹುಳಗಳು ತಲೆಯನ್ನು ಅತ್ತ ಇತ್ತ ಒಗೆಯುತ್ತ, ಮೈ ತಿರುಚಿಕೊಂಡು, ಹಾಕಿದ ಸೊಪ್ಪಿನ ಮೇಲೆಯೇ ಸಾಯುತ್ತಿದ್ದವು.

“ಈ ಕೋಣೆಗೆ ಔಸ್ತಿಯೋರ್ನ ಬಿಟ್ಯಾ?” ಎಂದಳು.

“ನನಗೇನು ತಲೆ ಕೆಟ್ಟಿತ್ತಾ? ಬೀಗ ಹಾಕ್ಕೊಂಡು ಬಾಗ್ಲಲ್ಲೇ ಕೂತಿದ್ದೆ. ಬೀಡಿ ಸೇದಿದೋರ್ನೇ ಬಿಡಲ್ಲ ಒಳಕ್ಕೆ, ಅವರನ್ನ ಬಿಡ್ತೀನಾ?”

ಅದು ನಿಜ. ಚಳಿಜ್ವರದ ಸೊಳ್ಳೆಗೆ ಡಿಡಿಟಿ ಹೊಡೆಯುವವರು ಕೆಂಗೇರಿಗೆ ಬಂದು ನಾಲ್ಕು ದಿನವಾಗಿತ್ತು. ಊರಲ್ಲಿ ಕೆಲವರು ಬಾಗಿಲು ಹಾಕಿಕೊಂಡರೆ, ಪಾಪಮ್ಮ ಮಾತ್ರ ಮಜ್ಜಿಗೆ ಕೊಟ್ಟು ಒಳಗೆ ಕರೆದಿದ್ದಳು. ಬಾಣಂತನಕ್ಕೆ ಬಂದ ಮಗಳು ಗಂಗಲಕ್ಷ್ಮಮ್ಮ ಚಳಿಜ್ವರಕ್ಕೆ ಸಿಕ್ಕಿ, ಎದೆಹಾಲು ಬತ್ತಿಸಿಕೊಂಡಿದ್ದಳು. ಮೂರು ತಿಂಗಳ ಕೂಸು ಮನೆಯ ಹಸುವಿನ ಹಾಲಿನ ಮೇಲೆಯೇ ಬದುಕಿತ್ತು. ಆ ಜ್ವರ ಕೂಸಿಗೂ ಬರದಿರಲಿ ಎಂದೇ ಮನೆಯ ಗೋಡೆಗೆಲ್ಲ ಹೊಡೆಸಿದ್ದು.

ಮೂಲೆಯಲ್ಲಿ ಸೊಪ್ಪಿನ ರಾಶಿ. ಬಾಡದಿರಲೆಂದು ಮೇಲೆ ಒದ್ದೆ ಗೋಣಿತಾಟು. ಪಾಪಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದು ಬದಿಗೆ ತೆಳ್ಳಗೆ ಬೂದಿಯಂಥ ಬಿಳುಪು.

ಅವಳು ಅದನ್ನು ಬೆರಳಿಂದ ಉಜ್ಜಿ ನೋಡಿದಳು. ಔಷಧಿ ಹೊಡೆಯುವ ದಿನ ಪಾತ್ರೆ ಪಡಗ ಎಲ್ಲ ಅಂಗಳಕ್ಕೆ ಬಂದಿದ್ದವು. ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆ ಮಾತ್ರ ಅಲುಗಾಡದೆ ಒಳಗೇ ಉಳಿದಾಗ, ಅದರ ಬಾಯಿಗೆ ಈ ತಾಟನ್ನು ಹೊದಿಸಿದವಳು ಅವಳೇ. ಮಾರನೆಯ ದಿನ ಅದನ್ನೇ ನೀರಲ್ಲಿ ಅದ್ದಿ ಸೊಪ್ಪಿನ ಮೇಲೆ ಹಾಕಿದವಳೂ ಅವಳೇ.

“ನಾನೇ ಕಣಯ್ಯಾ,” ಎಂದಳು ಗಂಡನಿಗೆ. “ಬೀಗ ಹಾಕಿದ್ದೆಲ್ಲಾ ದಂಡ. ಈ ತಾಟಲ್ಲಿ ನಾನೇ ಒಳಕ್ಕೆ ತಂದೆ.”

ಬೈರಪ್ಪ ಬೈಯಲಿಲ್ಲ. “ಹೋಗ್ಲಿ ಬಿಡು. ಹುಳ ತಾನೆ, ಮತ್ತೆ ಮೇಯಿಸಾನ” ಎಂದ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಗೋದಲಿಯ ತಳ ನೆಕ್ಕುವ ಸದ್ದು ಕೇಳಿಸಿತು.

ಹುಳ ತಿಂದು ಬಿಟ್ಟ ಸೊಪ್ಪು, ಅದರ ಹಿಕ್ಕೆ, ಎಲ್ಲ ಹಸುವಿಗೆ. ರೇಷ್ಮೆ ಸಾಕುವ ಎಲ್ಲರ ಮನೆಯಲ್ಲೂ ಅದೇ ರೂಢಿ. ಎರಡು ದಿನದಿಂದ ಹುಳ ಕಡಿಮೆ ತಿಂದಿದ್ದವು, ಹಸುವಿಗೆ ದೊಡ್ಡ ದೊಡ್ಡ ಮಂಕರಿ ತುಂಬ ಸೊಪ್ಪು ಸಿಕ್ಕಿತ್ತು. ಹಾಲೂ ಜಾಸ್ತಿ ಇಳಿದಿತ್ತು. ಕೂಸು ಹೊಟ್ಟೆ ತುಂಬ ಕುಡಿಯಿತೆಂದು ಪಾಪಮ್ಮ ನಿನ್ನೆ ದೃಷ್ಟಿ ತೆಗೆದಿದ್ದಳು.

ಒಂದೇ ಉಸಿರಿಗೆ ಕೊಟ್ಟಿಗೆಗೆ ಓಡಿದಳು. ಗಂಗಲಕ್ಷ್ಮಮ್ಮ ಗೂಟದ ಚೊಂಬು ಇಳಿಸಿ, ಕೂಸಿಗೆ ಕುಡಿಸುವ ಒಳಲೆಗೆ ಹಾಲು ಬಗ್ಗಿಸುತ್ತಿದ್ದಳು. ಪಾಪಮ್ಮ ಕೈಗೆ ಹೊಡೆದಳು. ಒಳಲೆ ಉರುಳಿತು.

“ಯಾಕವ್ವಾ! ಹಸಕೊಂಡೈತೆ ಕೂಸು!”

“ಕುಡಿಸ್ಬೇಡ. ಅದ್ರಲ್ಲಿ ಔಸ್ತಿ ಇರ್ಬೌದು.”

“ಇರ್ಬೌದಾ, ಐತಾ?”

“ನಂಗೆ ಗೊತ್ತಿಲ್ಲ ಮಗಾ.”

“ಎರಡು ದಿನದಿಂದ ಕುಡ್ದೈತಲ್ಲವ್ವಾ!”

ಪಾಪಮ್ಮ ಕೂಸಿನತ್ತ ಬಗ್ಗಿದಳು. ಕೂಸು ಕಾಲು ಆಡಿಸುತ್ತ ಬಾಯಿ ಚಪ್ಪರಿಸುತ್ತಿತ್ತು. ಅದರ ತಲೆ ಸುಮ್ಮನೆ ಆ ಕಡೆ ತಿರುಗಿದರೂ ಅವಳಿಗೆ ತಟ್ಟೆಯ ಹುಳಗಳೇ ಕಂಡವು.

ಪಕ್ಕದ ಮನೆಯ ಮುನಿತಾಯಮ್ಮ ಗಲಾಟೆಗೆ ಇಣುಕಿದಳು. “ಅಷ್ಟಕ್ಕೆ ಯಾಕಮ್ಮೀ ಬಾಯಿ ಬಡ್ಕೊತೀರಾ? ನಮ್ಮ ಹಸುದು ಕರ್ಕೊಡ್ತೀನಿ ತಗೊಳ್ಳಿ.”

“ನಿಮ್ಮ ಹಸೂಗೆ ನಿನ್ನೆ ಎರಡು ಮಂಕರಿ ಸೊಪ್ಪು ಕೊಟ್ಟೋಳು ನಾನೇ ಅಲ್ವೇನಕ್ಕಾ?” ಎಂದಳು ಪಾಪಮ್ಮ.

ಮುನಿತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಮಿಕ್ಕಿದ್ದನ್ನು ಹಂಚಿ ಉಣ್ಣುವ ಕೇರಿ. ಆಚೆಮನೆ ಹನುಮಕ್ಕನ ಹಸುವಿಗೂ ಒಂದು ಮಂಕರಿ ಹೋಗಿತ್ತು. ಇಡೀ ಸಾಲಿನಲ್ಲಿ ಧೈರ್ಯವಾಗಿ ಕುಡಿಸುವಂಥ ಒಂದು ಲೋಟ ಹಾಲಿರಲಿಲ್ಲ. ಅಕ್ಕಿ ಬೇಯಿಸಿ ಗಂಜಿಯ ತಿಳಿ ಹಾಕಿದರೆ ಕೂಸು ಅರ್ಧ ಉಗುಳಿ, ಅರ್ಧ ಕುಡಿದು, ಮುಖ ಕೆಂಪಗೆ ಮಾಡಿಕೊಂಡು ಅತ್ತಿತು.

ಬೈರಪ್ಪ ಸತ್ತ ಹುಳದ ಮಂಕರಿ ಹಿಡಿದು ಅಂಗಳದಲ್ಲೇ ನಿಂತಿದ್ದ. “ಇದನ್ನೆಲ್ಲಿ ಸುರೀಲಿ ಈಗ? ತಿಪ್ಪೇಗೆ ಹಾಕಿದ್ರೆ ಕೋಳಿ ಕೆದಕ್ತವೆ. ಕೆರೇಗೆ ಹಾಕಿದ್ರೆ ಮೀನು.”

“ಹೂಳು,” ಎಂದಳು ಪಾಪಮ್ಮ.

“ಹೂಳಿದ್ ಮಣ್ಣಲ್ಲಿ ಮತ್ತೆ ಸೊಪ್ಪೇ ಅಲ್ವೇನೇ ಬೆಳೆಯೋದು?”



ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಊರ ಛತ್ರಕ್ಕೆ ಹೋದರು. ಔಷಧಿಯವರು ಅಲ್ಲೇ ಬೀಡುಬಿಟ್ಟಿದ್ದರು. ಅವರ ಮೇಲ್ವಿಚಾರಕ ವೆಂಕಟಗಿರಿ ಊಟಕ್ಕೆ ಕೂತವನು ಎಂಜಲು ಕೈಯಲ್ಲೇ ಎದ್ದು ಬಂದು ಪೂರ್ತಿ ಕೇಳಿದ.

“ರೇಷ್ಮೆ ಹುಳಕ್ಕೆ ಆಗಲ್ಲ ಅಂತ ಮೊದಲೇ ಹೇಳಿದ್ನಲ್ಲಮ್ಮಾ.”

“ಹೇಳಿದ್ರಿ ಸಾರ್. ತಪ್ಪು ನಮ್ದೇ. ಹುಳದ ಮಾತು ಬಿಡಿ, ಅವು ಹೋದ್ವು. ಹಾಲು ಕುಡಿಸ್ಬೋದಾ ಬೇಡ್ವಾ, ಅದೊಂದು ಹೇಳಿ.”

ವೆಂಕಟಗಿರಿ ತಂಬಿಗೆಯಿಂದ ಕೈ ತೊಳೆದುಕೊಂಡ. ತೊಳೆದ ಕೈಯನ್ನೇ ಮತ್ತೆ ತೊಳೆದ.

“ಗೋಡೆಗೆ ಎಷ್ಟು ಹೊಡೀಬೇಕು ಅಂತ ಕಲಿಸಿದಾರೆ. ಮನುಷ್ಯರಿಗೆ ಏನೂ ಆಗಲ್ಲ ಅಂತಾನೂ ಹೇಳಿದಾರೆ. ಸೊಪ್ಪಿಂದ ಹಸೂಗೆ, ಹಸುವಿಂದ ಹಾಲಿಗೆ ಬರತ್ತಾ ಅಂತ ಯಾರೂ ಹೇಳಿಲ್ಲಮ್ಮಾ. ಸುಳ್ಳು ಹೇಳಿ ಕಳಿಸ್ಲಾ?”

“ಬೇಡಿ ಸಾರ್.”

“ಮಗು ಹೆಂಗಿದೆ ಈಗ?”

“ಅಳ್ತಾ ಐತೆ. ಹಸಿವಿಗೋ, ಇನ್ಯಾತಕ್ಕೋ.”

ಬೈರಪ್ಪ ಕಣ್ಣೊರೆಸಿಕೊಳ್ಳಲು ಆಚೆ ತಿರುಗಿದ. ವೆಂಕಟಗಿರಿ ಅಂದ: “ಪೇಟೆಯಲ್ಲಿ ನಮ್ಮ ಡಾಕ್ಟರ್ ಒಬ್ರು ಇದಾರೆ, ಅವರಿಗೂ ಗೊತ್ತಿರತ್ತೋ ಇಲ್ವೋ. ಕೇಳೋಣ. ಅಲ್ಲಿ ಡಬ್ಬಿ ಹಾಲಿನ ಪುಡಿಯಾದ್ರೂ ಸಿಗತ್ತೆ. ಇವತ್ತಿನ ರೈಲು ಹೊರಟೋಯ್ತು.”

“ಇವತ್ತು ರಾತ್ರಿ ಏನ್ ಕುಡಿಸ್ಲಿ ಸಾರ್?”

“ಗಂಜೀನೇ ಕುಡಿಸಿ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಸ್ಟೇಷನ್ ಹತ್ರ ಬನ್ನಿ, ನಾನೂ ಬರ್ತೀನಿ. ಡಾಕ್ಟರಿಗೆ ತೋರ್ಸೋಕೆ ಒಂದು ಸೀಸೇಲಿ ಆ ಹಾಲು ತನ್ನಿ. ಮಗೂನೂ ಕರ್ಕೊಂಡ್ ಬನ್ನಿ.”