ಎಲೆಯೊಳಗಿನ ಸಿಮೆಂಟು

ವರ್ಷಗಟ್ಟಲೆ ಸಂಬಳ ಪಡೆದು ಊರಿನ ಬೆಂಕಿ ಆರಿಸಿದವರು, ಈಗ ಪಿಂಚಣಿ ಪಡೆದು ಬೆಂಕಿ ಹಚ್ಚುತ್ತಿದ್ದರು. ಬೀದಿಯವರಿಗೆಲ್ಲ ಅವರು ಫೈರ್ ಮಾವ. ಬೆಳಗಾದರೆ ಸಾಕು, ತಲೆಗೆ ಟವೆಲ್ ಸುತ್ತಿ, ಗೇಟಿನ ಮುಂದಿನ ಎಲೆಗಳನ್ನು ಗುಡಿಸಿ ಗುಡ್ಡೆ ಹಾಕಿ ಕಡ್ಡಿ ಗೀರುವರು. ಇಬ್ಬನಿಯಲ್ಲಿ ನೆನೆದ ಎಲೆ, ಉರಿ ಹೆಸರಿಗಷ್ಟೆ. ಹೊಗೆ ಮಾತ್ರ ಕರೆಯದೇ ಬಂದ ನೆಂಟನ ಹಾಗೆ ಮನೆಮನೆಗೂ ನುಗ್ಗುತ್ತಿತ್ತು. ಯಾರಾದರೂ ಗೊಣಗಿದರೆ, "ಸೊಳ್ಳೆ ಓಡುತ್ವೆ, ಸ್ವಲ್ಪ ತಡ್ಕೊಳ್ರಿ" ಅನ್ನುವರು. ಆದರೆ ಆ ಬೀದಿಯಲ್ಲಿ ಸೊಳ್ಳೆ ಕೆಮ್ಮಿದ್ದನ್ನು ಯಾರೂ ಕೇಳಿರಲಿಲ್ಲ.

ಪಕ್ಕದ ಬಾಡಿಗೆ ಮನೆಯ ನಿವೃತ್ತ ಬಸ್ ಕಂಡಕ್ಟರು ಮಾವನ ಕೇರಂ ಜೊತೆಗಾರ, ಇರುವ ಒಬ್ಬನೇ ಗೆಳೆಯ. ಒಂದು ಸಂಜೆ ಕಂಡಕ್ಟರು ಆಟದ ಮಧ್ಯೆ ಸ್ಟ್ರೈಕರ್ ಕೆಳಗಿಟ್ಟರು.

"ಬರೋ ತಿಂಗಳು ಮನೆ ಖಾಲಿ ಮಾಡ್ತಿದೀನಿ ಕಣಯ್ಯ."

"ಸೋಲೋ ಭಯಾನಾ?"

"ಉಸಿರಿನ ಭಯ. ಹೊಗೆ ಬಿಡ್ಬೇಕು, ಇಲ್ಲಾ ಮನೆ ಬಿಡ್ಬೇಕು ಅಂದ್ರು ಡಾಕ್ಟ್ರು. ಹೊಗೆ ಬಿಡೋನು ನೀನು. ನನ್ನ ಕೈಲಿರೋದು ಮನೆ ಒಂದೇ."

"ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಕೆಮ್ಮಿ ಕೆಮ್ಮಿ ಹೇಳಿದ್ನಲ್ಲೋ!"

ಮಾವ ಮುಖ ಊದಿಸಿಕೊಂಡು ಮನೆಗೆ ಬಂದರು. ಸೊಸೆಗೆ ಕಾಗದದ ಮಿಲ್ಲಿನ ಲ್ಯಾಬಿನಲ್ಲಿ ಕೆಲಸ.

"ನೀನೇ ಹೇಳಮ್ಮಾ, ನಾನೇನು ಪ್ಲಾಸ್ಟಿಕ್ ಸುಟ್ನಾ? ಗಿಡದ ಎಲೆ ಯಾರಿಗೇನು ಮಾಡುತ್ತೆ?"

"ಗಿಡ ಅಂದ್ರೆ ಒಂದು ಕಟ್ಟಡ ಮಾವ. ಸೆಲ್ಯುಲೋಸ್ ಅನ್ನೋದು ಕಬ್ಬಿಣದ ಸರಳು, ಹೆಮಿಸೆಲ್ಯುಲೋಸ್ ಸರಳು ಬಿಗಿಯೋ ತಂತಿ, ಲಿಗ್ನಿನ್ ಸಿಮೆಂಟು. ಕಾಗದಕ್ಕೆ ಬೇಕಾಗಿರೋದು ಸರಳು. ಸಿಮೆಂಟು ಬಿಡಿಸೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಗ್ತಿದೆ. ಒದ್ದೆ ಎಲೆ ಸುಟ್ರೆ ಕಟ್ಟಡ ಪೂರ್ತಿ ಉರಿಯಲ್ಲ, ಚೂರುಚೂರಾಗಿ ಗಾಳಿಗೇರುತ್ತೆ. ಆ ಘಾಟು ಬಹಳಷ್ಟು ಸಿಮೆಂಟಿಂದೇ."

"ಅಂದ್ರೆ ದಿನಾ ಅವನ ಎದೆ ಮೇಲೆ ಕಟ್ಟಡ ಕೆಡವ್ತಿದೀನಿ ಅಂತೀಯಾ?"

"ನಾನೇನು ಹೇಳ್ಲಿ? ಉರಿಗಿಂತ ಹೊಗೇನೇ ಹೆಚ್ಚು ಜನಾನ ಕೊಲ್ಲುತ್ತೆ ಅಂತ ನಮ್ಮ ಮಿಲ್ಲಿಗೆ ಬಂದು ಪಾಠ ಮಾಡಿದ್ದು ನೀವೇ. ನಾನು ಚಪ್ಪಾಳೆ ಬೇರೆ ತಟ್ಟಿದ್ದೆ."

ಹೊಗೆ ತುಂಬಿದ ಮಹಡಿಗಳಿಂದ ತಾವು ಹೆಗಲ ಮೇಲೆ ಹೊತ್ತು ಇಳಿಸಿದವರೆಲ್ಲ ಒಬ್ಬೊಬ್ಬರಾಗಿ ಮಾವನ ಕಣ್ಣ ಮುಂದೆ ಬಂದರು. ಅವರಲ್ಲಿ ಸುಟ್ಟ ಗಾಯವಾಗಿದ್ದವರು ಕಡಿಮೆ.

ಮರುದಿನ ಹೊಗೆಯಿಲ್ಲ. ಮಾವನಿಗೆ ಏನಾಯಿತೋ ಎಂದು ಗಾಬರಿಯಾಗಿ ನೋಡಲು ಬಂದವರಿಗೆ ಕಂಡದ್ದು, ಹಿತ್ತಲಲ್ಲಿ ಸೊಂಟದುದ್ದ ಗುಂಡಿ ತೋಡಿ ಎಲೆ ತುಂಬುತ್ತಿದ್ದ ಮಾವ.

"ಸರಳು, ತಂತಿ ಬೇಗ ಕೊಳೆಯುತ್ತೆ, ಸಿಮೆಂಟು ನಿಧಾನ. ಗೊಬ್ಬರ ಆಗೋಕೆ ಟೈಮ್ ಬೇಕು ಮಾವ, ಆತುರ ಬೇಡ" ಎಂದಳು ಸೊಸೆ.

"ರಿಟೈರ್ ಆದೋನಿಗೆ ಎಂಥಾ ಆತುರಮ್ಮಾ!"

ಅಷ್ಟರಲ್ಲಿ ಕಂಡಕ್ಟರು ಒಂದು ತಬ್ಬು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಬಂದರು.

"ಏನಯ್ಯ ಇದು?"

"ಮನೆ ಖಾಲಿ ಮಾಡೋಕೆ ಅಂಗಡಿಯಿಂದ ತಂದಿದ್ದೆ. ರಟ್ಟೂ ಸೆಲ್ಯುಲೋಸೇ ಅಂತೆ, ನಿನ್ನ ಸೊಸೆ ಹೇಳಿದ್ಲು. ಸರಿ ಆ ಕಡೆ."

ಪೆಟ್ಟಿಗೆಗಳನ್ನು ಒಂದೊಂದಾಗಿ ಹರಿದು ಗುಂಡಿಗೆ ಹಾಕತೊಡಗಿದರು. ಮಾವ ಮೂಗು ಒರೆಸಿಕೊಂಡು ಗದರಿದರು: "ಅಷ್ಟು ದೊಡ್ಡ ತುಂಡಾ? ಸಣ್ಣಗೆ ಹರಿಯೋ!"

"ಗುಂಡಿ ಸೊಟ್ಟಗೆ ತೋಡಿದೋನು ನನಗೆ ಹೇಳ್ಬೇಡ!"

ಅವತ್ತು ಬೀದಿಯ ಕಿಟಕಿಗಳೆಲ್ಲ ತೆರೆದೇ ಇದ್ದುದರಿಂದ, ಆ ಜಗಳ ಒಂದಕ್ಷರವೂ ಬಿಡದಂತೆ ಎಲ್ಲರಿಗೂ ಕೇಳಿಸಿತು.