ಕಲರ್ ಟಿ.ವಿ. ಇರುವ ಮನೆ

ಉಮ್ಮತ್ತೂರಿನ ಸುಂದ್ರಮ್ಮನ ತವರು ತಾಳವಾಡಿ ಕಡೆ. ಆ ಸೀಮೆಯ ಮನೆಮಾತು ಕನ್ನಡವಾದರೂ ಅದು ತಮಿಳುನಾಡಿಗೆ ಸೇರಿದ್ದು. ಅಲ್ಲಿನ ಸರ್ಕಾರ ಬಡವರಿಗೆ ಬಿಟ್ಟಿ ಕಲರ್ ಟಿ.ವಿ. ಹಂಚಿದಾಗ ಅವಳ ತಾಯಿ ಮೂಗಮ್ಮನಿಗೂ ಒಂದು ಸಿಕ್ಕಿತು. ಕಣ್ಣಿಗೆ ಪೊರೆ ಬಂದಿದ್ದ ಮುದುಕಿ, ನನಗೇಕೆ ಇದು ಎಂದು ಮೊಮ್ಮಗಳು ಶಿವರಂಜಿನಿಗೆ ಕೊಟ್ಟಳು. ಸುಂದ್ರಮ್ಮನ ಗಂಡ ಚಿಕ್ಕಮಾದು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

2008ರ ಬೇಸಿಗೆಯಲ್ಲಿ ರೇಷನ್ ಕಾರ್ಡು ಪರಿಶೀಲಿಸುವವರು ಬಂದರು. ಗಂಡ ಹೆಂಡತಿ ಕೂಲಿಗೆ ಹೋಗಿದ್ದರು. ಬಂದವರು ಬಾಗಿಲಲ್ಲೇ ನಿಂತು ಒಳಗೆ ಇಣುಕಿ, ಟಿ.ವಿ. ನಿಮ್ಮದೇನಮ್ಮ ಎಂದು ಶಿವರಂಜಿನಿಯನ್ನು ಕೇಳಿದರು. ಹೌದು ಎಂದಳು. ಮುಂದಿನ ತಿಂಗಳು ಸೊಸೈಟಿಯಲ್ಲಿ ಅಕ್ಕಿ ಸಿಗಲಿಲ್ಲ. ಮನೆಯಲ್ಲಿ ಕಲರ್ ಟಿ.ವಿ. ಇರುವುದರಿಂದ ಬಿಪಿಎಲ್ ಕಾರ್ಡು ರದ್ದಾಗಿದೆ, ನೀವೀಗ ಬಡವರಲ್ಲ ಎಂದರು.

ಅಕ್ಕಿಯದು ಒಂದು ಕಷ್ಟ. ಶಿವರಂಜಿನಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಳು. ಚಾಮರಾಜನಗರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಬೇಕಿತ್ತು. ಅದಕ್ಕೆ ಬೇಕಾದ ಆದಾಯ ಪತ್ರವನ್ನೂ ಗ್ರಾಮಲೆಕ್ಕಿಗ, ಕಾರ್ಡೇ ಇಲ್ಲದವರಿಗೆ ಹೇಗೆ ಬರೆಯಲಿ ಎಂದು ಕೊಡಲಿಲ್ಲ. ಅಂದು ಸಂಜೆ ಹುಡುಗಿ ಅಳುತ್ತಾ, ನಮ್ಮದಲ್ಲ ಅಂದುಬಿಡಬೇಕಿತ್ತು, ತಪ್ಪಾಯಿತು ಎಂದಳು.

ಅಲ್ಲಿಯವರೆಗೆ ಸುಂದ್ರಮ್ಮನಿಗೆ ಬರೀ ಚಿಂತೆಯಿತ್ತು. ನಿಜ ಹೇಳಿದ್ದಕ್ಕೆ ಮಗಳು ತಪ್ಪಾಯಿತು ಅಂದದ್ದು ಕೇಳಿ ಮೈ ಉರಿದುಹೋಯಿತು.

"ಆಫೀಸ್ನೋರ್ನ ಎದ್ರಾಕ್ಕಂಡು ಬದುಕಾಕಾದದಾ? ಸುಮ್ನಿರಮ್ಮಿ," ಎಂದ ಚಿಕ್ಕಮಾದು.

ಅವಳು ಸುಮ್ಮನಿರಲಿಲ್ಲ. ಬೆಳಿಗ್ಗೆ ಟಿ.ವಿ.ಯನ್ನು ಸೀರೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ತಾಲ್ಲೂಕು ಕಚೇರಿಯಲ್ಲಿ ಕಾರ್ಡಿನ ಕೆಲಸ ನೋಡುತ್ತಿದ್ದ ಗುಮಾಸ್ತ ನೀಲಕಂಠಸ್ವಾಮಿಯ ಮೇಜಿನ ಮೇಲೆ ಅದನ್ನಿಟ್ಟು, ಹಿಂಬದಿಗೆ ಅಂಟಿಸಿದ್ದ ತಮಿಳು ಚೀಟಿ ತೋರಿಸಿದಳು. ಅವನಿಗೆ ಓದಲು ಬರಲಿಲ್ಲ. ತಾಳವಾಡಿಯ ಶಾಲೆಯಲ್ಲಿ ತಮಿಳು ಕಲಿತಿದ್ದ ಅವಳೇ ಓದಿ ಅರ್ಥ ಹೇಳಿದಳು: ಸರ್ಕಾರದ ಉಚಿತ ಕೊಡುಗೆ, ಮಾರಾಟಕ್ಕಲ್ಲ.

ಟಿ.ವಿ. ಹೇಗೆ ಬಂತು ಎಂದು ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ ಎಂದ ನೀಲಕಂಠಸ್ವಾಮಿ. ಆಮೇಲೆ ದನಿ ತಗ್ಗಿಸಿ, ಟಿ.ವಿ. ನಮ್ಮದಲ್ಲ, ನೆಂಟರದು ಅಂತ ಬರೆದು ಸಹಿ ಮಾಡು, ಸರಿಪಡಿಸುತ್ತೇನೆ ಎಂದು ಹಾಳೆ ಮುಂದಿಟ್ಟ. ಅವನೇನೂ ಕೆಟ್ಟವನಲ್ಲ. ದಿನಕ್ಕೆ ಹತ್ತು ಜನರಿಗೆ ಹೀಗೇ ಹೇಳುತ್ತಿದ್ದ.

ಸುಂದ್ರಮ್ಮ ಹಾಳೆ ಮುಟ್ಟಲಿಲ್ಲ. "ನನ್ ಕೂಸು ನಿಜ ಹೇಳ್ತು, ಕಾರ್ಡ್ ಕಿತ್ಕಂಡ್ರಿ. ಈಗ ನಾನು ಸುಳ್ಳು ಬರ್ಕೊಟ್ರೆ ವಾಪಸ್ ಕೊಟ್ಟೀರಾ, ಸಾ?"

ನೀಲಕಂಠಸ್ವಾಮಿ ಫೈಲು ತಿರುವತೊಡಗಿದ.

"ನಮ್ಮೂರ ಪುಟ್ಟಮಲ್ಲಪ್ನೋರ ಮನೆ ಮುಂದ ಟ್ರ್ಯಾಕ್ಟ್ರು ನಿಂತದೆ. ಅವರ ಕಾರ್ಡ್ ಅಂಗೇ ಅದೆ. ಅವ್ರೂ ನಂದಲ್ಲ ಅಂತ ಬರ್ಕೊಟ್ರಾ? ನಾ ಸೋಪು, ಬೆಂಕಿಪೊಟ್ಣ ತಕ್ಕಳುವಾಗ ನೀನ್ ಬಡವ್ಳಾ ಅಂತ ಒಬ್ರೂ ಕೇಳಕಿಲ್ಲ. ತೆರಿಗೆ ಸೇರ್ಸೇ ಈಸ್ಕತರೆ. ಕೊಡುವಾಗ ಮಾತ್ರ ಮನೆವೊಳಕ್ಕೆ ಇಣುಕಿ ನೋಡ್ತೀರಿ."

ಹಾಗೆಲ್ಲ ಮಾತಾಡಿದರೆ ಕೆಲಸವಾಗುವುದಿಲ್ಲ ಎಂದ ನೀಲಕಂಠಸ್ವಾಮಿ. ಆಗದಿದ್ದರೆ ಬೇಡ ಎಂದು ಅವಳು ಟಿ.ವಿ. ಹೊತ್ತು ಹೊರಟಳು.

ಅವಳು ನಡೆದದ್ದನ್ನು ನಡೆದಂತೆ ಮಗಳಿಂದ ಬರೆಸಿ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟಳು. ಒಂದಕ್ಕೆ ಉತ್ತರ ಬರದಿದ್ದಾಗ ಇನ್ನೊಂದು ಕೊಟ್ಟಳು. ಒಟ್ಟು ಐದು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತಿತ್ತು. ಕೊನೆಗೆ ಮತ್ತೊಬ್ಬ ಅಧಿಕಾರಿ ಬಂದು ಮನೆ ನೋಡಿ ಹೋದರು, ಫೆಬ್ರವರಿಯಲ್ಲಿ ಕಾರ್ಡು ವಾಪಸ್ ಬಂತು. ನಡುವಿನ ತಿಂಗಳುಗಳ ಅಕ್ಕಿ ಕೇಳಿದ್ದಕ್ಕೆ, ಅದು ಮುಗಿದುಹೋದ ಲೆಕ್ಕ ಎಂದರು.

ಶಿವರಂಜಿನಿ ಆ ವರ್ಷವೆಲ್ಲ ಊರಿಂದಲೇ ಕಾಲೇಜಿಗೆ ಓಡಾಡಿದಳು. ಬಸ್ಸು ಹೊತ್ತಿಗೆ ಸರಿಯಾಗಿ ಬಾರದೆ ಮೊದಲ ಪೀರಿಯಡ್ ಹೆಚ್ಚಾಗಿ ತಪ್ಪುತ್ತಿತ್ತು. ಕಾಲೇಜಿನ ಹೊಸ ವರ್ಷ ಶುರುವಾದ ಕೂಡಲೇ ಸುಂದ್ರಮ್ಮ ಕಾರ್ಡು, ಅದರಿಂದ ಸಿಕ್ಕ ಆದಾಯ ಪತ್ರ ಎರಡನ್ನೂ ಹಿಡಿದು ಮಗಳೊಂದಿಗೆ ಹಾಸ್ಟೆಲಿಗೆ ಹೋದಳು. ಎರಡನೇ ವರ್ಷದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ, ಹೋದ ವರ್ಷವೇ ಬರಬೇಕಿತ್ತು ಎಂದರು ವಾರ್ಡನ್.

ಹೋಗೋಣ ಎಂದು ಶಿವರಂಜಿನಿ ತಾಯಿಯ ಕೈ ಹಿಡಿದೆಳೆದಳು. ಸುಂದ್ರಮ್ಮ ಕುರ್ಚಿ ಎಳೆದು ಕುಳಿತು, ಈ ಮಾತನ್ನು ಕಾಗದದಲ್ಲಿ ಬರೆದುಕೊಡಿ ಎಂದಳು.