ಇಡಿಯಾಗಿ ಹೊರಟ ಅಂಗಡಿ

ಹಂಪಾಪುರದ ಕೂಡುರಸ್ತೆಯಲ್ಲಿ ಸಣ್ಣತಾಯಮ್ಮನ ಟೀ ಅಂಗಡಿ ಇದ್ದದ್ದು ಎಂಟಡಿ ಉದ್ದ, ಆರಡಿ ಅಗಲದ ಒಂದು ತಗಡಿನ ಪೆಟ್ಟಿಗೆಯೊಳಗೆ. ರಸ್ತೆ ಅಗಲ ಮಾಡುವ ಕೆಲಸಕ್ಕೆ ಅದೂ ಅಡ್ಡ, ಪಕ್ಕದಲ್ಲಿದ್ದ ಮಂಟಯ್ಯನ ಅಳಿಯನ ಅಂಗಡಿಯೂ ಅಡ್ಡ. ಮೂರು ಕಿಲೋಮೀಟರ್ ಆಚೆ ಹೊಸ ಬಸ್ ನಿಲ್ದಾಣದ ಪಕ್ಕ ಉಳಿದಿದ್ದದ್ದು ಒಂದೇ ಜಾಗ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ಯಾರ ಅಂಗಡಿ ನಿಂತಿರುತ್ತದೋ ಜಾಗ ಅವರದು ಎಂದು ಪಂಚಾಯ್ತಿಯಲ್ಲಿ ತೀರ್ಮಾನವಾಗಿತ್ತು.

ಮಂಟಯ್ಯನಿಗೆ ಸ್ವಂತ ಟಿಪ್ಪರ್ ಇದೆ. ಅಳಿಯನ ಅಂಗಡಿಯನ್ನು ಶನಿವಾರವೇ ಗ್ಯಾಸ್ ಕಟರ್ ಹಿಡಿಸಿ ತಗಡು ತಗಡಾಗಿ ಕುಯ್ಯಿಸಿ, ಸಣ್ಣತಾಯಮ್ಮನಿಗೂ ಬುದ್ಧಿ ಹೇಳಲು ಬಂದ.

"ಬಿಚ್ಚಾಕ್ಸಕ್ಕ. ನನ್ ಟಿಪ್ಪರ್‌ಗೆ ತುಂಬು, ಅಲ್ಲೋಗಿ ಎತ್ತಿ ಸುರಿದ್ರೆ ಮುಗೀತು. ಆ ನಂಜುಂಡೇಶನ ಲಾರಿ ನಂಬ್ಕಂಡೀಯಲ್ಲ, ಅದಕ್ಕೆ ಪಕ್ಕದಲ್ ಹಲಗೆ ಇಲ್ಲ, ತಲೆ ಮ್ಯಾಲೆ ಸೂರಿಲ್ಲ. ಅದೇನ್ ಲಾರಿನಾ, ಆರ್ಕೆಸ್ಟ್ರಾದೋರ ಸ್ಟೇಜಾ?"

"ಸುರಿಯಕ್ಕೆ ಇದೇನ್ ಜಲ್ಲಿಕಲ್ಲಾ?" ಎಂದಳು ಸಣ್ಣತಾಯಮ್ಮ. "ಇಪ್ಪತ್ತೆರಡು ವರ್ಸದ ಅಂಗಡಿ ಕಣಯ್ಯ. ಕುಯ್ದಾಕಿದ್ ಮ್ಯಾಲೆ ಕೂಡ್ಸೋರ್ಯಾರು, ನಿಮ್ಮಪ್ಪನಾ?"

ನಂಜುಂಡೇಶ್ ಅಂದರೆ ನಾನೇ. ಮಂಟಯ್ಯ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕ್ಯಾಬಿನ್ನಿನ ಹಿಂದೆ ನನ್ನ ಲಾರಿ ಬರೀ ಮಟ್ಟಸ ತಟ್ಟೆ. ಮಳೆ ಬಂದರೆ ಮೊದಲ ಹನಿಯಿಂದಲೇ ಸಾಮಾನು ನೆನೆಯುತ್ತದೆ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬೇಲ್ ಒಂದನ್ನೂ ಯಾರೂ ನನಗೆ ಕೊಡುವುದಿಲ್ಲ. ಸರಪಳಿ, ಬೆಲ್ಟು ಬಿಗಿದು ಬಿಗಿದು ನನ್ನ ಎಡಭುಜ ಏಳುವುದೇ ಇಲ್ಲ. ರಾತ್ರಿ ಚಿಕ್ಕ ಮಗಳು ಎತ್ತಿಕೋ ಎಂದರೆ ಬಲಗಡೆಗೆ ಬಾ ಎನ್ನಬೇಕು. ಟಿಪ್ಪರಿನವನಿಗೆ ಇದ್ಯಾವ ರಗಳೆಯೂ ಇಲ್ಲ. ಒಂದು ಲಿವರ್ ಎಳೆದರೆ ಅವನ ಕೆಲಸ ಮುಗಿಯಿತು.

ಆದರೂ ಹುಣಸೂರಿನ ಸಾಮಿಲ್ಲಿಗೆ ದಿಮ್ಮಿ ಬರುವುದು ನನ್ನಂಥ ಲಾರಿಯ ಮೇಲೆ. ಕೆ.ಆರ್. ನಗರಕ್ಕೆ ಭತ್ತ ಕೊಯ್ಯುವ ಯಂತ್ರ ಬರುವುದೂ ಹೀಗೆಯೇ. ಯಾವ ಡಬ್ಬಿಯೊಳಗೂ ಹಿಡಿಸದ್ದು, ಯಾರೂ ಮುರಿಯಬಾರದ್ದು ಅಂತ ಒಂದಿದ್ದರೆ ಅದಕ್ಕೆ ಗತಿ ಈ ಬೋಳು ತಟ್ಟೆಯೇ.

ಸೋಮವಾರ ಬೆಳಿಗ್ಗೆ ಆರಕ್ಕೆ ರಸ್ತೆ ಕೆಲಸದವರೇ ತಮ್ಮ ಕ್ರೇನಿನಲ್ಲಿ ಅಂಗಡಿಯನ್ನು ಎತ್ತಿ ಲಾರಿಯ ಮೇಲಿಟ್ಟರು. ಜಾಗ ಖಾಲಿಯಾದರೆ ಅವರಿಗೆ ಸಾಕಾಗಿತ್ತು. ಸರಪಳಿ ತಗಡನ್ನು ಕಚ್ಚದಂತೆ ಮೂಲೆಮೂಲೆಗೂ ಹಳೆ ಟೈರಿನ ತುಂಡು ಕೊಟ್ಟೆ.

"ಅಕ್ಕ, ಗಾಜಿನ ಡಬ್ಬನಾದ್ರೂ ಇಳಿಸು."

"ಯಾಕೆ ಇಳಿಸ್ಲಿ? ನಾನೇನ್ ಅಂಗಡಿ ಮುಚ್ಚಾಕ್ತಾ ಇದ್ದೀನಾ? ನೀನು ನೆಟ್ಟಗೆ ಓಡ್ಸು," ಎಂದು ಡಬ್ಬಗಳನ್ನೆಲ್ಲ ಒಂದು ಹಳೆ ಸೀರೆಯಿಂದ ಅಂಗಡಿಯೊಳಗಿನ ಹಲಗೆಗೆ ಬಿಗಿದಳು.

ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಕಡೆ ಕರೆಂಟಿನ ತಂತಿ ಜೋತಿತ್ತು, ಇಳಿದು ನೋಡಿ ನೋಡಿ ದಾಟಿಸಿದೆ. ನಾವು ಮುಟ್ಟುವಷ್ಟರಲ್ಲಿ ಮಂಟಯ್ಯನ ಟಿಪ್ಪರ್ ಬಂದು ತಗಡುಗಳನ್ನು ಅರ್ಧ ಜಾಗಕ್ಕೆ ಸುರಿದಾಗಿತ್ತು. ವೆಲ್ಡಿಂಗಿನವನು ಒಂದು ಗೋಡೆಯನ್ನೂ ಕೂಡಿಸಿರಲಿಲ್ಲ.

ಇಳಿಸಲು ನಾನು ಗೊತ್ತು ಮಾಡಿದ್ದು ಕರಿಯಯ್ಯನ ಕ್ರೇನು. ಫೋನ್ ಹಚ್ಚಿದೆ.

"ಬೀಚನಹಳ್ಳೀಲಿ ಇವ್ನಿ ಕಣಣ್ಣ. ಮಂಟಯ್ಯ ಬೆಳಿಗ್ಗೇನೆ ಒಂದ್ ಕೆಲ್ಸ ಒಪ್ಸಿದ್ರು. ಮಧ್ಯಾಹ್ನಕ್ಕೆ ಬತ್ತೀನಿ."

ಮಂಟಯ್ಯ ಟಿಪ್ಪರಿಗೆ ಒರಗಿ ಹಲ್ಲು ಬಿಟ್ಟ. "ಏರ್ಸಕ್ಕೂ ಕ್ರೇನು, ಇಳ್ಸಕ್ಕೂ ಕ್ರೇನು. ನಾನ್ ಮೊದ್ಲೇ ಹೇಳ್ಲಿಲ್ವೇನಕ್ಕ?"

ಸಣ್ಣತಾಯಮ್ಮ ಚಕ್ರದ ಮೇಲೆ ಕಾಲಿಟ್ಟು ಲಾರಿ ಹತ್ತಿದಳು. ಅಂಗಡಿಯ ಮುಂಬಾಗಿಲನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಒಲೆ ಹಚ್ಚಿ, ಹಾಲಿಟ್ಟಳು. ಹೊಗೆಸೊಪ್ಪು ಮುರಿಯಲು ಹೊರಟಿದ್ದ ಹೆಂಗಸರು, ಬಸ್ಸಿಗೆ ನಿಂತಿದ್ದವರು ತಲೆಯೆತ್ತಿ ನೋಡಿದರು.

"ಏನವ್ವ, ಆಕಾಸದಲ್ಲಿ ಅಂಗಡಿ ಮಡ್ಗಿದ್ದೀ?"

"ರೇಟು ನೆಲದ ಮ್ಯಾಲಿಂದೇ ಕಣವ್ವ. ಕೈ ಎತ್ತಿ ಈಸ್ಕೊ."

ಸುತ್ತ ಹಲಗೆಯಿದ್ದ ಲಾರಿಯಾಗಿದ್ದರೆ ಅವಳ ತಲೆಯೂ ಕಾಣುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಲೋಟಗಳು ಸಾಲದೆ ನಾನೇ ತೊಳೆಯಲು ನಿಂತೆ.

ಒಂಬತ್ತೂವರೆಗೆ ಪಂಚಾಯ್ತಿಯ ಪಿಡಿಒ ವಿಮಲಮ್ಮ ಟೇಪು ಹಿಡಿದು ಬಂದರು. ತಗಡಿನ ರಾಶಿಯನ್ನು ನೋಡಿದರು, ಲಾರಿಯನ್ನು ನೋಡಿದರು.

"ಮೇಡಂ, ನಮ್ದು ನೆಲದ ಮ್ಯಾಲದೆ," ಎಂದ ಮಂಟಯ್ಯ.

"ನೆಲದ ಮೇಲಿರೋದು ಗುಜರಿ ಕಣ್ರೀ, ಅಂಗಡಿ ಅಲ್ಲ. ಅಮ್ಮ, ನಿಮ್ಮದು ಅಂಗಡೀನೇ. ಆದ್ರೆ ಗಾಡಿ ಮೇಲೆ ಇರೋದಕ್ಕೆ ನಾನು ಜಾಗ ಬರೆಯೋಕಾಗಲ್ಲ. ಇನ್ನು ಅರ್ಧ ಗಂಟೆ ಇದೆ."

ಸಣ್ಣತಾಯಮ್ಮ ಒಲೆ ಆರಿಸಿದಳು. "ನಂಜುಂಡ, ಇಳ್ಸು."

"ಹೆಂಗಕ್ಕ? ಜಾರಿಬಿಟ್ರೆ ಅಪ್ಪಚ್ಚಿ ಆಯ್ತದೆ."

"ಮಧ್ಯಾಹ್ನದ ಗಂಟ ಕಾದ್ರೆ ಜಾಗಾನೇ ಇರಲ್ಲ. ಇಳ್ಸು ಅಂದ್ನಲ್ಲ."

ನಿಲ್ದಾಣದ ತಾರಸಿಗೆ ಆಧಾರ ಕೊಟ್ಟು ಮಿಕ್ಕಿದ್ದ ನೀಲಗಿರಿ ಗಳಗಳು ಪಕ್ಕದಲ್ಲೇ ಬಿದ್ದಿದ್ದವು. ಲಾರಿಯನ್ನು ಖಾಲಿ ಅರ್ಧಕ್ಕೆ ಒತ್ತಿ ನಿಲ್ಲಿಸಿ, ಸರಪಳಿ ಬಿಚ್ಚಿ, ಪಕ್ಕದಿಂದ ನಾಲ್ಕು ಗಳ ಓರೆಯಾಗಿ ಕೊಟ್ಟೆ. ನನ್ನ ಲಾರಿಗೆ ಎತ್ತಿ ದಾಟಿಸಬೇಕಾದ ಹಲಗೆಯೇ ಇಲ್ಲ. ಯಾವ ಮಗ್ಗುಲಿಗೆ ಬೇಕಾದರೂ ಬಾಗಿಲೇ. ಅಂಗಡಿ ಒಮ್ಮೆಲೇ ಜಾರದಂತೆ ಅದಕ್ಕೆ ಹಗ್ಗ ಕಟ್ಟಿ ಆಚೆ ಮಗ್ಗುಲಿನಿಂದ ಹಿಡಿಯಲು ಆರು ಜನ ಬೇಕಿತ್ತು. ಸಣ್ಣತಾಯಮ್ಮ ಕೆಳಗಿಳಿದು ಸೆರಗು ಸಿಕ್ಕಿಸಿ ಕೂಗಿದಳು:

"ಟೀ ಕುಡ್ದೋರೆಲ್ಲ ಬಂದು ಹಗ್ಗ ಹಿಡೀರ್ರವ್ವ! ಬರೀ ಬಾಯಿ ಒರಸ್ಕಂಡ್ ನಿಂತವ್ರೆ!"

ಹಗ್ಗಕ್ಕೆ ಹನ್ನೊಂದು ಜನ ಆದರು, ಏಳು ಜನ ಹೆಂಗಸರು. ನಾನು ಕೆಳಗೆ ನಿಂತು ಗಳಗಳ ಬುಡ ಒತ್ತಿ ಹಿಡಿದೆ. ಬಸ್ಸಿಗೆ ನಿಂತಿದ್ದ ಇಬ್ಬರು ಲಾರಿ ಹತ್ತಿ ನೂಕಿದರು, ಅಂಗಡಿ ತಟ್ಟೆಯ ಅಂಚು ದಾಟಿ ಒಮ್ಮೆ ವಾಲಿತು. ಒಳಗೆ ಗಾಜು ಒಡೆದ ಸದ್ದು. "ಬುಡ್ಬೇಡಿ, ಬುಡ್ಬೇಡಿ!" ಎಂದು ಒಬ್ಬಳು ಕಿರುಚಿದಳು. ಗೇಣು ಗೇಣಾಗಿ ಜಾರಿತು. ಕೊನೆಯ ಎರಡಡಿಯಲ್ಲಿ ಒಂದು ಗಳ ಲಟಕ್ಕೆಂದು ಮುರಿದು, ಅಂಗಡಿ ದಡ್ಡನೆ ನೆಲಕ್ಕೆ ಕೂತಿತು. ಅದರ ನಾಲ್ಕು ಕಬ್ಬಿಣದ ಕಾಲುಗಳಲ್ಲಿ ಒಂದು ಬಗ್ಗಿಹೋಯಿತು.

ವಿಮಲಮ್ಮ ಗಡಿಯಾರ ನೋಡಿ, ಸುತ್ತಲೂ ಟೇಪು ಹಿಡಿದು ಅಳೆದು, ಸಣ್ಣತಾಯಮ್ಮನ ಹೆಸರು ಬರೆದುಕೊಂಡರು.

"ಮೇಡಂ, ಸೊಟ್ಟಗದೆ ಅದು!" ಎಂದ ಮಂಟಯ್ಯ.

"ಸೊಟ್ಟಗಾದ್ರೂ ನಿಂತದಲ್ಲ," ಎಂದಳು ಸಣ್ಣತಾಯಮ್ಮ. ಬಗ್ಗಿದ ಕಾಲಿಗೆ ಒಂದು ಕಲ್ಲು ಒತ್ತುಕೊಟ್ಟು ಎದ್ದಳು. "ನೀನೂ ನಿಂತ್ಕಂಡೇ ಇರು ಮಂಟಯ್ಯ, ಟೀ ಕಾಯಿಸ್ತೀನಿ. ದುಡ್ಡು ಕೊಟ್ಟೇ ಕುಡೀಬೇಕು ಮತ್ತೆ."